ಹಸಿರಾಗಿ ಉಳಿದ ಶೇಂಗಾ ನುಸಿಯನ್ನು ಗೆದ್ದಿತೇ?

ಪ್ರಶ್ನೆ: ಒಂದೇ ಹೊಲದಲ್ಲಿ ಅಕ್ಕಪಕ್ಕ ಎರಡು ತಳಿಯ ಶೇಂಗಾ ಬಿತ್ತಿದ್ದೆ. ಬಿಸಿಲು ಬಲಿತು ಮಳೆ ಕೈಕೊಟ್ಟ ಮೇಲೆ ಒಂದು ತಳಿಯ ಎಲೆಗಳ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಬಿದ್ದು, ಹಳದಿಗೆ ತಿರುಗಿ, ಕೊನೆಗೆ ಕಂಚಿನ ಬಣ್ಣಕ್ಕೆ ಬಂದವು. ಕುಡಿಗಳಲ್ಲಿ ತೆಳುವಾದ ಬಲೆಯೂ ಕಾಣಿಸಿತು. ಪಕ್ಕದ ತಳಿ ಹೆಚ್ಚುಕಡಿಮೆ ಹಸಿರಾಗಿಯೇ ಉಳಿಯಿತು. ಹಳದಿಯಾದ ತಳಿಯಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಚೆನ್ನಾಗಿದೆ. ಹಸಿರು ತಳಿಗೆ ನುಸಿ ನಿರೋಧಕ ಶಕ್ತಿ ಇದೆ ಎನ್ನಬಹುದೇ? ಆ ಬಿಡಿ ಗಿಡಗಳ ಬೀಜವನ್ನು ಬೇರೆ ತೆಗೆದಿಡಲೇ? ಎಲೆಚುಕ್ಕೆ, ತುಕ್ಕು ರೋಗಗಳಿಗೆ ನಿರೋಧಕ ತಳಿಗಳಿರುವಾಗ ನುಸಿಗೆ ಏಕಿಲ್ಲ? ಅಂಥ ತಳಿ ಬರುವವರೆಗೆ ಔಷಧಿ ಹೊಡೆಯುವುದೊಂದೇ ದಾರಿಯೇ?

ಉತ್ತರ: ನಿಮ್ಮ ಹಸಿರು ತಳಿಗೆ ನಿರೋಧಕ ಶಕ್ತಿ ಇದ್ದರೂ ಇರಬಹುದು. ಆದರೆ ಅದು ಹಸಿರಾಗಿದೆ ಎಂಬುದು ಸಾಕ್ಷಿಯಾಗಿ ಸಾಲದು. ನೀವು ಗಿಡದ ಬಣ್ಣ ನೋಡಿ ತೀರ್ಪು ಕೊಡಲು ಹೊರಟಿದ್ದೀರಿ. ಇಲ್ಲಿ ವಿಚಾರಿಸಬೇಕಾದದ್ದು ನುಸಿಯನ್ನು. ಆ ಎಲೆಯ ಮೇಲೆ ಅದು ನೆಲೆ ನಿಂತಿತೇ, ಎಷ್ಟು ಮೊಟ್ಟೆ ಇಟ್ಟಿತು, ಮರಿಗಳು ಎಷ್ಟು ದಿನಕ್ಕೆ ಬಲಿತವು ಎಂಬುದು ಗೊತ್ತಾದರೆ ಮಾತ್ರ ಗಿಡದ ಗುಣ ಗೊತ್ತಾಗುತ್ತದೆ.

ಬಲೆ ಕಂಡಿರುವುದರಿಂದ ಇದು ಜೇಡನುಸಿಯ ಕೆಲಸವೇ ಎಂದು ಒಪ್ಪುತ್ತೇನೆ. ಬಲೆ ಇಲ್ಲದಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಜಿಗಿಹುಳು ರಸ ಹೀರಿದರೆ ಎಲೆಯ ತುದಿ ಇಂಗ್ಲಿಷಿನ 'ವಿ' ಆಕಾರದಲ್ಲಿ ಹಳದಿಯಾಗುತ್ತದೆ. ಕಬ್ಬಿಣದ ಕೊರತೆಯಾದರೆ ಎಳೆಯ ಎಲೆಗಳ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಬಿಳಿಚಿಕೊಳ್ಳುತ್ತದೆ. ನುಸಿ ಕುಡಿದ ಎಲೆಯಾದರೋ ಸೂಜಿಮೊನೆಯಿಂದ ಚುಚ್ಚಿ ಚುಚ್ಚಿ ಬಣ್ಣ ತೆಗೆದಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಒಂದೊಂದೇ ಹಸಿರು ಕೋಶ ಖಾಲಿಯಾಗಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಹಿಡಿದು ಎಲೆಯನ್ನು ಮಗುಚಿ, ನಡುನರದ ಇಕ್ಕೆಲ ನೋಡಿ. ಅರ್ಧ ಮಿಲಿಮೀಟರಿನಷ್ಟಿರುವ ಎಂಟು ಕಾಲಿನ ಹೆಣ್ಣುಗಳು, ಆರೇ ಕಾಲಿರುವ ಮೊದಲ ಹಂತದ ಮರಿಗಳು, ಬಿಟ್ಟುಹೋದ ಬಿಳಿ ಪೊರೆಗಳು, ಇವುಗಳ ನಡುವೆ ಗಾಜಿನ ಮಣಿಯಂತೆ ಹೊಳೆಯುವ ದುಂಡು ಮೊಟ್ಟೆಗಳು ಸಿಗುತ್ತವೆ. ಮೈಮೇಲೆ ಎರಡು ಕಪ್ಪು ಕಲೆಗಳಿರುವ ತಿಳಿಹಸಿರು ನುಸಿಯಾದರೆ ಅದು ಟೆಟ್ರಾನಿಕಸ್ ಅರ್ಟಿಸಿ. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತಿಂದು ಬದುಕುವ ಪ್ರಪಂಚ ಸಂಚಾರಿ. ಇದರ ಕೆಂಪು ನೆಂಟರೂ ಇದ್ದಾರೆ. ಬ್ರೆಜಿಲ್‌ನ ಶೇಂಗಾ ಹೊಲಗಳನ್ನು ಕಾಡುತ್ತಿರುವ ಟೆಟ್ರಾನಿಕಸ್ ಆಗ್ಮೋಫ್ಯಾಲೋಸ್ ಅಂಥದ್ದು. ಅದಕ್ಕೆ ಹೆಸರು ಬಿದ್ದದ್ದೇ 1997ರಲ್ಲಿ.

ಇನ್ನು ನಿರೋಧಕ ಶಕ್ತಿಯ ವಿಚಾರ. ಅಮೆರಿಕದ ಕೀಟಶಾಸ್ತ್ರಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಒಂದು ಗಿಡವನ್ನು ನುಸಿ ಒಲ್ಲದು: ಹತ್ತಿದರೂ ನಿಲ್ಲದೆ ಅಲೆದಾಡಿ ಇಳಿದು ಹೋಗುತ್ತದೆ. ಇನ್ನೊಂದರಲ್ಲಿ ನಿಲ್ಲುತ್ತದೆ, ತಿನ್ನುತ್ತದೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಮೊಟ್ಟೆ ಕಡಿಮೆಯಾಗುತ್ತದೆ, ಮರಿಗಳು ಸಾಯುತ್ತವೆ ಅಥವಾ ಬಲಿಯಲು ಹೆಚ್ಚು ದಿನ ತೆಗೆದುಕೊಳ್ಳುತ್ತವೆ. ಮೂರನೆಯದು ತಾಳಿಕೆ. ಅಲ್ಲಿ ನುಸಿಗೆ ಯಾವ ತೊಂದರೆಯೂ ಇಲ್ಲ, ಹಾಯಾಗಿ ಹೆಚ್ಚುತ್ತದೆ; ಗಿಡ ಮಾತ್ರ ಆ ಹೊರೆ ಹೊತ್ತೂ ಕಾಯಿ ಕಟ್ಟುತ್ತದೆ.

ನಿಮ್ಮ ಹಸಿರು ತಳಿ ಈ ಮೂರರಲ್ಲಿ ಯಾವುದಾದರೂ ಆಗಿರಬಹುದು. ಮೂರನೆಯದಾಗಿದ್ದರೆ ನಿಮಗೆ ಲಾಭ, ಪಕ್ಕದ ಸಾಲಿಗೆ ನಷ್ಟ, ಏಕೆಂದರೆ ಹಸಿರಾಗಿಯೇ ಇರುವ ಗಿಡ ನುಸಿಗಳನ್ನು ಸಾಕಿ ಸುತ್ತಲಿಗೆ ಹಂಚುತ್ತಿರುತ್ತದೆ. ಈ ಮೂರೂ ಅಲ್ಲದ ನಾಲ್ಕನೆಯ ಸಾಧ್ಯತೆಯನ್ನೇ ನಾನು ಮೊದಲು ಅನುಮಾನಿಸುವುದು: ತಪ್ಪಿಸಿಕೊಂಡಿರುವುದು. ನುಸಿ ಸಾಮಾನ್ಯವಾಗಿ ಹೊಲದ ಅಂಚಿನಿಂದ ಒಳಗೆ ಬರುತ್ತದೆ. ಬದುವಿನ ಕಳೆ ಒಣಗಿದಾಗ, ಪಕ್ಕದ ಮೆಕ್ಕೆಜೋಳ ಬಲಿತಾಗ ಅಲ್ಲಿಂದ ನಡೆದೋ, ಎಳೆ ಬಿಟ್ಟು ಗಾಳಿಯಲ್ಲಿ ತೇಲಿಯೋ ಬಂದು ಮೊದಲು ಸಿಕ್ಕ ಸಾಲುಗಳಲ್ಲಿ ಬೀಡುಬಿಡುತ್ತದೆ. ಹಳದಿಯಾದ ತಳಿ ಆ ಅಂಚಿನಲ್ಲಿತ್ತೇ? ಅದರ ಕೆಳಗಿನ ಮಣ್ಣು ತೆಳುವಾಗಿದ್ದು ಬೇಗ ಒಣಗಿತೇ? ನೀರಿಗೆ ಬಳಲಿದ ಗಿಡದ ಎಲೆ ಬಿಸಿಯಾಗಿರುತ್ತದೆ, ಬಿಸಿಯಲ್ಲಿ ನುಸಿಯ ಸಂತಾನ ಬೇಗ ಬೇಗ ಬೆಳೆಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಟ್ಟೆ ಒಂದು ವಾರ ಕಳೆಯುವಷ್ಟರಲ್ಲಿ ಮೊಟ್ಟೆ ಇಡುವ ಹೆಣ್ಣಾಗಿರುತ್ತದೆ. ಎರಡು ತಳಿಗಳನ್ನು ಒಂದೇ ದಿನ ಬಿತ್ತಿದ್ದಿರಾ ಎಂಬುದೂ ಮುಖ್ಯ. ಬೇಗ ಬಲಿಯುವ ತಳಿಯ ಎಲೆ ತಾನಾಗಿಯೇ ಬೇಗ ಹಳದಿಯಾಗುತ್ತದೆ, ಅದರ ಹೊಣೆಯನ್ನು ನುಸಿಯ ತಲೆಗೆ ಕಟ್ಟುವುದು ಸುಲಭ.

ಇದನ್ನೆಲ್ಲ ಬಿಡಿಸಿ ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಎರಡೂ ತಳಿಗಳಿಂದ, ಕುಡಿಯಿಂದ ಕೆಳಕ್ಕೆ ಎಣಿಸಿ ಮೂರನೆಯ ಬಿಚ್ಚಿದ ಎಲೆಯನ್ನೇ ಆರಿಸಿಕೊಳ್ಳಿ. ಎಳೆಯ ಎಲೆಗೂ ಹಳೆಯ ಎಲೆಗೂ ನುಸಿಯ ನಡವಳಿಕೆ ಬೇರೆ ಬೇರೆ, ಆದ್ದರಿಂದ ವಯಸ್ಸು ಒಂದೇ ಆಗಿರಬೇಕು. ಶೇಂಗಾ ಎಲೆಯಲ್ಲಿ ನಾಲ್ಕು ಕಿರುಎಲೆಗಳಿರುತ್ತವಲ್ಲ, ಅದರಲ್ಲಿ ಒಂದನ್ನು ಬಿಡಿಸಿ, ತಟ್ಟೆಯಲ್ಲಿ ಚೆನ್ನಾಗಿ ನೆನೆಸಿದ ಹತ್ತಿಯ ಮೇಲೆ ಕೆಳಮೈ ಮೇಲಾಗಿ ಇಡಿ. ಒದ್ದೆ ಹತ್ತಿ ಎಲೆಯನ್ನು ಬಾಡಲು ಬಿಡುವುದಿಲ್ಲ, ನುಸಿಗೆ ಕಂದಕವೂ ಆಗುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಸಣ್ಣ ಕುಂಚದಿಂದ ಐದು ಬಲಿತ ಹೆಣ್ಣುಗಳನ್ನು ಎಲೆಯ ಮೇಲೆ ಬಿಡಿ. ಪ್ರತಿ ತಳಿಗೆ ಹತ್ತು ತಟ್ಟೆಗಳಾದರೂ ಇರಲಿ, ಎಲ್ಲವೂ ಒಂದೇ ಕೋಣೆಯಲ್ಲಿರಲಿ, ಯಾವ ತಟ್ಟೆ ಯಾವ ತಳಿಯದೆಂದು ಎಣಿಸುವವರಿಗೆ ಗೊತ್ತಾಗದಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ದಿನ ಬಿಟ್ಟು ನೋಡಿ. ಹತ್ತಿಯಲ್ಲಿ ಸಿಕ್ಕಿ ಸತ್ತ ಹೆಣ್ಣುಗಳು ಒಂದು ತಳಿಯಲ್ಲೇ ಹೆಚ್ಚಾಗಿದ್ದರೆ ಅವು ಆ ಎಲೆಯನ್ನು ಒಲ್ಲದೆ ಓಡಿಹೋಗಲು ನೋಡಿವೆ ಎಂದರ್ಥ. ಎಲೆಯ ಮೇಲೇ ಉಳಿದು, ಮೊಟ್ಟೆ ಮಾತ್ರ ಕಡಿಮೆ ಇಟ್ಟಿದ್ದರೆ ಎರಡನೆಯ ಬಗೆ. ಎರಡೂ ತಳಿಗಳಲ್ಲಿ ಮೊಟ್ಟೆ ಸಮನಾಗಿದ್ದರೆ ನಿಮ್ಮ ಹಸಿರು ತಳಿಗೆ ಇರುವುದು ತಾಳಿಕೆ, ಇಲ್ಲವೇ ಬರೀ ಅದೃಷ್ಟ. ಕಿತ್ತ ಎಲೆಯಲ್ಲಿ ಬೇರಿನಿಂದ ಬರುವ ರಕ್ಷಣೆ ಇರುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿಯೇ ಮುಂದಿನ ಹಂಗಾಮಿನಲ್ಲಿ ಎರಡೂ ತಳಿಗಳನ್ನು ಒಂದೇ ದಿನ, ನಾಲ್ಕು ಸಾಲು ಇದು ನಾಲ್ಕು ಸಾಲು ಅದು ಎಂಬಂತೆ ಹಲವು ಬಾರಿ ಮರುಕಳಿಸಿ ಬಿತ್ತಿ ಹೊಲದಲ್ಲೂ ನೋಡಬೇಕು.

ಎಲೆಯ ಮೇಲೆ ರೋಮ ಹೆಚ್ಚಿದ್ದರೆ, ಎಲೆ ದಪ್ಪಗಿದ್ದರೆ ನುಸಿ ಬರುವುದಿಲ್ಲ ಎಂದು ಹೇಳುವವರು ಸಿಗುತ್ತಾರೆ. ನನಗೆ ಈ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ರೋಮದ ದಟ್ಟಣೆ ಕೆಲವು ಗಿಡಗಳಲ್ಲಿ ನುಸಿಯ ಓಡಾಟಕ್ಕೆ ಅಡ್ಡಿ ಮಾಡುವುದು ನಿಜ. ಆದರೆ ಅದೇ ರೋಮ ನುಸಿಯನ್ನು ಬೇಟೆಯಾಡುವ ಪರಭಕ್ಷಕ ನುಸಿಯ ಕಾಲಿಗೂ ತೊಡಕಾಗುತ್ತದೆ, ಜೇಡನುಸಿಗೆ ಬಲೆ ಕಟ್ಟಲು ಗೂಟವೂ ಆಗುತ್ತದೆ. ದಪ್ಪ ಚರ್ಮದ ಮಾತೂ ಹೀಗೆಯೇ. ನುಸಿಯ ಚುಚ್ಚುವ ಮುಳ್ಳು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಉದ್ದ. ಅದು ಹೊರಪದರದ ಕೋಶಗಳನ್ನು ಒಡೆಯುತ್ತ ಹೋಗುವುದಿಲ್ಲ. ಕೋಶಗಳ ನಡುವಿನ ಸಂದಿಯಲ್ಲೋ ಪತ್ರರಂಧ್ರದಲ್ಲೋ ನುಸುಳಿ ಒಳಗಿನ ಹಸಿರು ಕೋಶವನ್ನು ತಲುಪುತ್ತದೆ. ಶೇಂಗಾ ಎಲೆಯಲ್ಲಿ ಒಂದು ವಿಶೇಷವಿದೆ: ಕೆಳಹೊರಪದರದ ಒಳಮಗ್ಗುಲಲ್ಲೇ ಪತ್ರಹರಿತ್ತಿಲ್ಲದ, ನೀರು ತುಂಬಿದ ದೊಡ್ಡ ಕೋಶಗಳ ಸಾಲೊಂದಿರುತ್ತದೆ. ಕೆಳಗಿನಿಂದ ಚುಚ್ಚುವ ನುಸಿ ಹಸಿರು ಊಟ ಮುಟ್ಟಬೇಕಾದರೆ ಆ ಸಾಲನ್ನು ದಾಟಬೇಕು. ಎಲೆಯನ್ನು ಕೈಯಲ್ಲಿ ಸವರಿ ನೋಡಿದರೆ ಇದು ತಿಳಿಯುವುದಿಲ್ಲ.

ರಚನೆಗಿಂತ ರಸಾಯನದ ಪಾತ್ರ ದೊಡ್ಡದೆಂದೇ ನನ್ನ ಅಭಿಪ್ರಾಯ. ಚುಚ್ಚು ಬಿದ್ದ ಕೂಡಲೇ ಗಿಡ ಸುಮ್ಮನಿರುವುದಿಲ್ಲ. ಜಾಸ್ಮೋನಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಎಂಬ ಎರಡು ಸಂದೇಶವಾಹಕಗಳು ಎದ್ದು, ನುಸಿಯ ಹೊಟ್ಟೆಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ವಸ್ತುಗಳನ್ನು, ಕಹಿ ಫೀನಾಲುಗಳನ್ನು ತಯಾರಿಸಲು ಕೋಶಗಳನ್ನು ಎಬ್ಬಿಸುತ್ತವೆ. ಒಂದು ತಳಿ ಬೇಗ ಏಳುತ್ತದೆ, ಇನ್ನೊಂದು ತಡವಾಗಿ. ನುಸಿಯೂ ದಡ್ಡನಲ್ಲ. ತನ್ನ ಜೊಲ್ಲಿನಲ್ಲಿ ಗಿಡದ ಈ ಎಚ್ಚರವನ್ನು ಅಡಗಿಸುವ ಪ್ರೋಟೀನುಗಳನ್ನು ಬೆರೆಸಿ ಬಿಡುತ್ತದೆ. 2011ರಲ್ಲಿ ಟೆಟ್ರಾನಿಕಸ್ ಅರ್ಟಿಸಿಯ ಜೀನೋಮ್, ಅಂದರೆ ಅದರ ವಂಶವಾಹಿಗಳ ಇಡೀ ಗ್ರಂಥ, ಓದಿ ಮುಗಿದಾಗ ವಿಷ ಕರಗಿಸುವ ವಂಶವಾಹಿಗಳ ದೊಡ್ಡ ಭಂಡಾರವೇ ಕಂಡಿತು. ಕೆಲವನ್ನು ಅದು ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಹಿಂದೆಂದೋ ಪಡೆದಿತ್ತು. ಒಗ್ಗದ ಗಿಡದ ಮೇಲೂ ಕೆಲವೇ ತಲೆಮಾರುಗಳಲ್ಲಿ ಒಗ್ಗಿಕೊಳ್ಳುವ ಜೀವಿ ಇದು. 'ಸಂಪೂರ್ಣ ನಿರೋಧಕ' ಎಂಬ ಚೀಟಿ ಅಂಟಿಸಿದ ಚೀಲ ಕಂಡರೆ ನನಗೆ ಸಂಶಯ ಬರುವುದು ಇದಕ್ಕೇ.

ಬೀಜದ ಪ್ರಶ್ನೆಗೆ ನೇರ ಉತ್ತರ: ಹಳದಿಯಾದ ತಳಿಯ ನಡುವೆ ಚೆನ್ನಾಗಿರುವ ಬಿಡಿ ಗಿಡಗಳ ಬೀಜವನ್ನು ಬೇರೆ ತೆಗೆದಿಟ್ಟರೆ ಬಹುಮಟ್ಟಿಗೆ ಫಲವಿಲ್ಲ. ಶೇಂಗಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಒಂದು ಶುದ್ಧ ತಳಿಯ ಗಿಡಗಳೆಲ್ಲ ವಂಶವಾಹಿಯಲ್ಲಿ ಹೆಚ್ಚುಕಡಿಮೆ ಒಂದೇ. ಪಕ್ಕದ ಗಿಡ ಒಣಗಿ ಇದು ಉಳಿದಿದ್ದರೆ ಕಾರಣ ಬೇರಿನ ಆಳದಲ್ಲೋ ನೆರಳಿನಲ್ಲೋ ಅಲ್ಲಿದ್ದ ಪರಭಕ್ಷಕಗಳಲ್ಲೋ ಇರುತ್ತದೆ, ಬೀಜದಲ್ಲಲ್ಲ. ಬೀಜ ಬೆರಕೆಯಾಗಿ ಬೇರೆ ತಳಿಯ ಗಿಡವೇ ಅಲ್ಲಿ ಎದ್ದಿದ್ದರೆ ಮಾತ್ರ ಮಾತು ಬೇರೆ. ಕಾಂಡದ ಬಣ್ಣ, ಕವಲಿನ ಕ್ರಮ, ಕಾಯಿಯ ಮೂತಿ, ಬೀಜದ ಸಿಪ್ಪೆ ಇವು ಭಿನ್ನವಾಗಿವೆಯೇ ಎಂದು ಕಿತ್ತು ನೋಡಿ. ಭಿನ್ನವಾಗಿದ್ದರೆ ಅದನ್ನು ಪ್ರತ್ಯೇಕವಾಗಿಟ್ಟುಕೊಳ್ಳಿ. ಹಸಿರು ತಳಿಯ ಬೀಜವನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ, ಇಳುವರಿ ಕೊಟ್ಟಿದ್ದರೆ ಉಳಿಸಲೇಬೇಕು.

ನಿರೋಧಕ ತಳಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಶೇಂಗಾದ ಹುಟ್ಟಿನಲ್ಲೇ ಇದೆ. ದಕ್ಷಿಣ ಅಮೆರಿಕದಲ್ಲಿ ಸಾವಿರಾರು ವರ್ಷಗಳ ಹಿಂದೆ ತಲಾ 20 ವರ್ಣತಂತುಗಳಿದ್ದ ಎರಡು ಕಾಡು ಜಾತಿಗಳು, ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಐಪೇಯೆನ್ಸಿಸ್, ಕೂಡಿದವು. ಆ ಕೂಡಿಕೆಯಲ್ಲಿ ವರ್ಣತಂತುಗಳು ಇಮ್ಮಡಿಯಾಗಿ 40 ವರ್ಣತಂತುಗಳ ಈಗಿನ ಶೇಂಗಾ ಹುಟ್ಟಿತು. ಹುಟ್ಟಿದ ಕ್ಷಣದಿಂದಲೇ ಅದು 20 ವರ್ಣತಂತುಗಳ ತನ್ನ ಕಾಡು ಬಳಗದೊಡನೆ ಸುಲಭವಾಗಿ ಕೂಡಲಾರದ್ದಾಯಿತು. ಹಾಗಾಗಿ ಲೋಕದ ಎಲ್ಲ ಶೇಂಗಾ ತಳಿಗಳೂ ಬಹಳ ಕಿರಿದಾದ ಒಂದು ಬುನಾದಿಯ ಮೇಲೆ ನಿಂತಿವೆ. ಗಾತ್ರ, ಬಣ್ಣ, ಎಣ್ಣೆಯ ಅಂಶದಲ್ಲಿ ಎಷ್ಟು ವೈವಿಧ್ಯ ಕಂಡರೂ ನುಸಿಯನ್ನು ತಡೆಯುವ ವಿಚಾರದಲ್ಲಿ ತಳಿ ತಳಿಗೆ ಇರುವುದು ತುಸು ಹೆಚ್ಚು ತುಸು ಕಡಿಮೆ ಎಂಬಷ್ಟೇ ವ್ಯತ್ಯಾಸ.

ಕಾಡು ಬಳಗದ ಕಥೆಯೇ ಬೇರೆ. ಅರಾಕಿಸ್ ಕುಲದಲ್ಲಿ 80ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಕೆಲವು ನುಸಿಯನ್ನು ಚೆನ್ನಾಗಿ ತಡೆಯುತ್ತವೆ ಎಂಬುದು ಅಮೆರಿಕದಲ್ಲಿ 1968ರಲ್ಲೇ ವರದಿಯಾಗಿತ್ತು. 1970ರ ದಶಕದಲ್ಲಿ ಎರಡು ಚುಕ್ಕೆಯ ನುಸಿಯ, ಅಂದರೆ ಟೆಟ್ರಾನಿಕಸ್ ಅರ್ಟಿಸಿಯ, ಮೇಲೂ ಪರೀಕ್ಷೆಗಳು ನಡೆದವು. ನೆಲದೊಳಗೆ ಭೂಕಾಂಡ ಹರಡಿ ಬೆಳೆಯುವ ಗುಂಪು, ಮೇವಿಗೆ ಬೆಳೆಸುವ ಅರಾಕಿಸ್ ಗ್ಲಾಬ್ರೇಟಾ ಇರುವ ಗುಂಪು, ಇದರಲ್ಲಿ ಮುಂದು. ಆದರೆ ಶೇಂಗಾದೊಡನೆ ಕೂಡಿಸಲು ಅತಿ ಕಷ್ಟವಾದದ್ದೂ ಇದೇ ಗುಂಪು. ಬೇಕಾದ್ದು ಎದುರಿಗೇ ಇದೆ, ಕೈಗೆಟುಕುವುದಿಲ್ಲ.

ಸಂಕರಣಕ್ಕೆ ಒಗ್ಗುವ ಹತ್ತಿರದ ಕಾಡು ಜಾತಿಗಳಿಂದ ಗುಣ ತರುವುದಕ್ಕೆ ದಾರಿ ಇದೆ, ಸುತ್ತು ದಾರಿ. ಎರಡು ಕಾಡು ಜಾತಿಗಳನ್ನು ಮೊದಲು ತಮ್ಮೊಳಗೇ ಕೂಡಿಸಬೇಕು. ಬಂದ ಸಂಕರ ಗಿಡ ಬಂಜೆಯಾಗಿರುತ್ತದೆ. ಅದಕ್ಕೆ ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರೆ 40 ವರ್ಣತಂತುಗಳ ಫಲವತ್ತಾದ ಗಿಡ ಸಿಗುತ್ತದೆ. ಪ್ರಕೃತಿ ಸಾವಿರಾರು ವರ್ಷಗಳ ಹಿಂದೆ ಮಾಡಿದ್ದನ್ನು ಕೈಯಾರೆ ಮತ್ತೆ ಮಾಡಿದಂತೆ. ಅದನ್ನು ಶೇಂಗಾದೊಡನೆ ಕೂಡಿಸಿ, ಮರಳಿ ಮರಳಿ ಶೇಂಗಾಕ್ಕೇ ಕೂಡಿಸುತ್ತ ಹೋಗಬೇಕು. ಏಕೆಂದರೆ ಕಾಡಿನಿಂದ ನುಸಿ ತಡೆಯುವ ಗುಣವೊಂದೇ ಬರುವುದಿಲ್ಲ. ಬಟಾಣಿಗಿಂತ ಸಣ್ಣ ಬೀಜ, ಎರಡು ಬೀಜಗಳ ನಡುವೆ ದಾರದಂಥ ಉದ್ದ ಕೊರಳು, ಗಿಡದಿಂದ ದೂರ ದೂರ ಮಣ್ಣಿನಲ್ಲಿ ಚದುರಿಹೋದ ಕಾಯಿ, ಇವೆಲ್ಲ ಬೆನ್ನಿಗೇ ಬರುತ್ತವೆ. ಕೀಳುವಾಗ ಅರ್ಧ ಕಾಯಿ ನೆಲದಲ್ಲೇ ಉಳಿಯುವ ನುಸಿ ನಿರೋಧಕ ತಳಿಯನ್ನು ಯಾರು ಬಿತ್ತುತ್ತಾರೆ?

ಇದು ಆಗದ ಕೆಲಸವೇನಲ್ಲ. ಬೇರುಗಂಟು ಜಂತುಹುಳಕ್ಕೆ ನಿರೋಧಕವಾದ ಅಮೆರಿಕದ ಕೋನ್ ಎಂಬ ತಳಿ 1999ರಲ್ಲಿ ಬಿಡುಗಡೆಯಾದದ್ದು ಮೂರು ಕಾಡು ಜಾತಿಗಳನ್ನು ಸೇರಿಸಿದ ಇಂಥದ್ದೇ ಸಂಕರದಿಂದ. ತುಕ್ಕು ಮತ್ತು ಎಲೆಚುಕ್ಕೆ ರೋಗ ತಡೆಯುವ ಜಿಪಿಬಿಡಿ-4 ತಳಿಯ ಆ ಗುಣ ಬಂದದ್ದು ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಜಾತಿಯಿಂದ. ನುಸಿಯ ವಿಷಯದಲ್ಲಿ ಕೆಲಸ ನಿಧಾನವಾಗಲು ಎರಡು ಕಾರಣ ಕಾಣುತ್ತವೆ. ರೋಗ ನಿರೋಧಕತೆಯಲ್ಲಿ ದೊಡ್ಡ ಪರಿಣಾಮ ತೋರುವ ಒಂದೆರಡು ವರ್ಣತಂತು ಭಾಗಗಳನ್ನು ಗುರುತಿಟ್ಟು ಹಿಂಬಾಲಿಸಬಹುದು. ನುಸಿಗೆ ಹಾಗೆ ಹಿಡಿದೆಳೆಯುವ ದಾರ ಇನ್ನೂ ಕೈಗೆ ಸಿಕ್ಕಿಲ್ಲ. ಜೊತೆಗೆ ನುಸಿ ಪ್ರತಿ ವರ್ಷ ಬರುವುದಿಲ್ಲ. ಮಳೆ ಚೆನ್ನಾದ ವರ್ಷ ಅದರ ಸುಳಿವೇ ಇರದು. ತಳಿ ಪರೀಕ್ಷೆಯ ತಾಕಿನಲ್ಲಿ ನುಸಿ ಸಮನಾಗಿ ಹಬ್ಬದಿದ್ದರೆ ಯಾವ ಗಿಡವನ್ನು ಆರಿಸುವುದು?

ಹಾಗಾದರೆ 'ತುಸು ಹೆಚ್ಚು ತುಸು ಕಡಿಮೆ' ಎಂಬ ವ್ಯತ್ಯಾಸಕ್ಕೆ ಬೆಲೆಯಿಲ್ಲವೇ? ಇದೆ, ನೀವು ನೆನೆಯುವುದಕ್ಕಿಂತ ಹೆಚ್ಚೇ ಇದೆ. ಲೆಕ್ಕಕ್ಕೆಂದು ಹಿಡಿಯೋಣ: ಒಂದು ತಳಿಯ ಮೇಲೆ ಪ್ರತಿ ಹೆಣ್ಣು 20 ಹೆಣ್ಣುಮರಿಗಳನ್ನು ಬಿಟ್ಟುಹೋಗುತ್ತದೆ, ಇನ್ನೊಂದರ ಮೇಲೆ 10. ಮೂರು ತಲೆಮಾರು ಕಳೆಯುವಷ್ಟರಲ್ಲಿ ಮೊದಲನೆಯದರಲ್ಲಿ ಒಂದು ಹೆಣ್ಣಿನ ಸಂತತಿ 8,000, ಎರಡನೆಯದರಲ್ಲಿ 1,000. ಮೊಟ್ಟೆ ಅರ್ಧಕ್ಕಿಳಿದರೆ ದಂಡು ಎಂಟರಲ್ಲಿ ಒಂದಕ್ಕಿಳಿಯಿತು. ಆ ಸಾವಿರವನ್ನು ಪರಭಕ್ಷಕ ನುಸಿಗಳು, ಸ್ಟೆಥೋರಸ್ ಎಂಬ ಸಾಸಿವೆ ಕಾಳಿನಷ್ಟು ಕಪ್ಪು ಗುಲಗಂಜಿ ಹುಳು, ನುಸಿ ತಿನ್ನುವ ಥ್ರಿಪ್ಸ್ ಸೇರಿ ಹತೋಟಿಯಲ್ಲಿಡಬಲ್ಲವು. ಎಂಟು ಸಾವಿರ ಅವುಗಳ ಕೈಮೀರಿದ್ದು. ನಿಮ್ಮ ತಟ್ಟೆಯ ಎಣಿಕೆಯಲ್ಲಿ ಮೂರನೆಯ ಒಂದು ಭಾಗದಷ್ಟು ಮೊಟ್ಟೆ ಕಡಿಮೆ ಕಂಡರೂ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಈ ಬೇಟೆಗಾರರು ಹೊಲದಲ್ಲಿ ಉಳಿದಿದ್ದರೆ ಮಾತ್ರ.

ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಹೊರಡುತ್ತದೆ. ಅರೆನಿರೋಧಕ ತಳಿಯ ಬಲವನ್ನು ಹಾಳುಮಾಡಲು ಒಂದೇ ಸಿಂಪಡಣೆ ಸಾಕು. ಎಲೆ ತಿನ್ನುವ ಹುಳುವಿಗೆಂದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಬೇಟೆಗಾರರು ಸಾಯುತ್ತಾರೆ, ಜೇಡನುಸಿ ಉಳಿಯುತ್ತದೆ, ಎರಡು ವಾರದಲ್ಲಿ ಹೊಲ ಕಂಚಾಗುತ್ತದೆ. ಶಿಲೀಂಧ್ರನಾಶಕವೂ ನಿರಪರಾಧಿಯಲ್ಲ. ತೇವ ಹೆಚ್ಚಿದ್ದಾಗ ನಿಯೋಝೈಗೈಟಿಸ್ ಎಂಬ ಶಿಲೀಂಧ್ರ ನುಸಿಗಳಿಗೆ ರೋಗ ತಂದು ರಾಶಿ ರಾಶಿಯಾಗಿ ಕೊಲ್ಲುತ್ತದೆ. ಅಮೆರಿಕದ ಉತ್ತರ ಕೆರೊಲಿನಾದ ಶೇಂಗಾ ಹೊಲಗಳಲ್ಲಿ 1980ರ ದಶಕದ ಹೊತ್ತಿಗೇ ನಡೆದ ಅಧ್ಯಯನಗಳಲ್ಲಿ, ಎಲೆಚುಕ್ಕೆಗೆಂದು ಹೊಡೆದ ಕೆಲವು ಔಷಧಿಗಳು ಈ ಉಪಕಾರಿಯನ್ನೂ ಕುಗ್ಗಿಸಿದ್ದು ಕಂಡುಬಂದಿತು. ಎಲೆಚುಕ್ಕೆ ನಿರೋಧಕ ತಳಿ ಬಿತ್ತಿದರೆ ಶಿಲೀಂಧ್ರನಾಶಕ ಕಡಿಮೆಯಾಗಿ, ನುಸಿಯ ಮೇಲೂ ಪರೋಕ್ಷ ಹಿಡಿತ ಸಿಗಬಹುದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಔಷಧಿ ಬೇಡವೇ ಬೇಡ ಎಂದು ನಾನು ಹಟ ಹಿಡಿಯುವುದಿಲ್ಲ. ಕಾಯಿ ಇಳಿಯುವ, ಕಾಳು ತುಂಬುವ ಹೊತ್ತಿನಲ್ಲಿ ಬಲೆ ಕಟ್ಟಿಕೊಂಡು ಎಲೆ ಉದುರತೊಡಗಿದರೆ ಸುಮ್ಮನೆ ಕೂರಲಾಗದು. ಅದಕ್ಕೆ ಮೊದಲೇ, ವಾರಕ್ಕೊಮ್ಮೆ ಅಂಚಿನ ಸಾಲುಗಳಲ್ಲಿ ಕೆಲವು ಗಿಡಗಳನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡುತ್ತಿರಿ. ನಿಧಾನವಾಗಿ ತೆವಳುವ ಚುಕ್ಕೆಗಳು ಜೇಡನುಸಿ. ಅವುಗಳ ನಡುವೆ ಸರಸರನೆ ಓಡುವ, ಹೊಳೆಯುವ, ನೀರಹನಿಯಂಥ ಮೈಯ ನುಸಿಗಳು ಬೇಟೆಗಾರರು. ಓಡುವವು ಧಾರಾಳವಾಗಿದ್ದರೆ ಇನ್ನೊಂದು ವಾರ ಕಾಯಿರಿ, ಸಾಧ್ಯವಾದರೆ ತುಂತುರು ನೀರು ಕೊಡಿ. ಇಲ್ಲವೇ ಇಲ್ಲ ಎಂದಾದರೆ, ನಿಮ್ಮ ಪ್ರದೇಶದಲ್ಲಿ ಶೇಂಗಾ ಬೆಳೆಗೆ ಶಿಫಾರಸಾಗಿರುವ ನುಸಿನಾಶಕವನ್ನು, ಬಾಧೆ ಇರುವ ಪಟ್ಟೆಗೆ ಮಾತ್ರ, ಎಲೆಯ ಕೆಳಮೈ ನೆನೆಯುವಂತೆ ಸಿಂಪಡಿಸಿ. ಹಲವು ನುಸಿನಾಶಕಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಆದ್ದರಿಂದ ಐದಾರು ದಿನದ ಮೇಲೆ ಮತ್ತೆ ಕಾಗದ ಹಿಡಿಯಿರಿ. ಎರಡನೆಯ ಸಿಂಪಡಣೆ ಬೇಕಾದರೆ ಬೇರೆ ಗುಂಪಿನ ಔಷಧಿಯೇ ಆಗಲಿ. ಗಂಧಕ ಹಳೆಯ ಮದ್ದು, ಕೆಲಸವನ್ನೂ ಮಾಡುತ್ತದೆ, ಆದರೆ ಸುಡುಬಿಸಿಲಿನಲ್ಲಿ ಎಲೆಯನ್ನೇ ಸುಡುತ್ತದೆ; ಸಂಜೆ ತಂಪಾದ ಮೇಲೆ ಹೊಡೆಯಿರಿ. ಎರಡು ತಳಿಗಳ ಹೋಲಿಕೆ ಮಾಡಬೇಕೆಂಬ ಮನಸ್ಸಿದ್ದರೆ ಪ್ರತಿ ತಳಿಯಲ್ಲೂ ನಾಲ್ಕು ಸಾಲುಗಳಿಗೆ ಯಾವುದನ್ನೂ ಹೊಡೆಯದೆ ಬಿಡಿ, ಕಿತ್ತಾಗ ಆ ಸಾಲುಗಳ ಕಾಯಿಯನ್ನು ಬೇರೆಯಾಗಿ ಒಣಗಿಸಿ ತೂಗಿ.